ಯಾವ ಪೋರ್ಟ್, ಯಾರಿಗೆ, ಎಲ್ಲಿಯವರೆಗೆ?

ಪುಣೆಯ ಬಿಬವೇವಾಡಿಯಲ್ಲಿ ಬೆಳಗಿನ ಹತ್ತೂವರೆ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡ್‌ನಿಂದ ಹೊರಟ ಟೆಂಪೊಗಳು ಗಂಗಾಧಾಮ ಚೌಕದಲ್ಲಿ ಸಾಲುಗಟ್ಟಿವೆ. ಸಗಟು ವ್ಯಾಪಾರಿಗಳ, ಟ್ರಾನ್ಸ್‌ಪೋರ್ಟ್‌ನವರ, ಲೆಕ್ಕಪತ್ರದವರ ಸಣ್ಣ ಸಣ್ಣ ಆಫೀಸುಗಳ ಶಟರ್ ಮೇಲೇರಿದೆ. ಅಂಥದೊಂದು ಆಫೀಸಿಗೆ ಹಿಂದಿನ ಸಂಜೆಯಷ್ಟೇ ಹೊಸ ಫೈರ್‌ವಾಲ್ ಪೆಟ್ಟಿಗೆ ಬಂದಿದೆ ಎಂದುಕೊಳ್ಳಿ. ಪೆಟ್ಟಿಗೆಯ ಹಸಿರು ದೀಪಗಳು ಮಿನುಗುತ್ತಿವೆ, ಇಂಟರ್ನೆಟ್ ಬರುತ್ತಿದೆ, ಮೇಲ್ ಬರುತ್ತಿದೆ. ಆದರೆ ಗೋಡೌನಿನ ಕಂಪ್ಯೂಟರಿನಲ್ಲಿ ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ‘ಎಜುಕೇಶನಲ್ ಮೋಡ್’ ಎಂದು ತೋರಿಸುತ್ತಿದೆ. ಆ ಮೋಡ್‌ನಲ್ಲಿ ತಿಂಗಳ ಒಂದನೇ, ಎರಡನೇ ಮತ್ತು ಕೊನೆಯ ತಾರೀಕು ಬಿಟ್ಟರೆ ಬೇರೆ ದಿನದ ಎಂಟ್ರಿ ಹಾಕಲಾಗದು. ಇವತ್ತು ಹದಿನಾರು.

ಅಕೌಂಟೆಂಟ್ ಫೋನ್ ಹಚ್ಚುತ್ತಾರೆ. “ಸರ್, ಟ್ಯಾಲಿ ಲೈಸೆನ್ಸ್ ಸಿಗ್ತಿಲ್ಲ ಅಂತಿದೆ. ಬಿಲ್ ಹೊಡೆಯೋಕೆ ಆಗ್ತಿಲ್ಲ, ಗಾಡಿ ಹೊರಗೆ ನಿಂತಿದೆ.” ಆ ಕಡೆಯಿಂದ ನೆಟ್‌ವರ್ಕ್ ಹುಡುಗನ ಉತ್ತರ: “ಪೋರ್ಟ್ ಓಪನ್ ಮಾಡ್ಬೇಕು ಸರ್. ಎರಡು ನಿಮಿಷ ಕೊಡಿ.”

ಆ ಎರಡು ನಿಮಿಷದಲ್ಲಿ ಆತ ಏನು ಮಾಡುತ್ತಾನೆ ಎಂಬುದರ ಮೇಲೆ ಆ ಆಫೀಸಿನ ಮುಂದಿನ ವರ್ಷಗಳ ಸುರಕ್ಷತೆ ನಿಂತಿದೆ. ಫೈರ್‌ವಾಲ್ ಖರೀದಿಸುವವರು ಕಂಪನಿ ನೋಡುತ್ತಾರೆ, ಬೆಲೆ ನೋಡುತ್ತಾರೆ, ವಾರಂಟಿ ಕೇಳುತ್ತಾರೆ. ಅದರೊಳಗೆ ಬರೆಯುವ ನಾಲ್ಕು ಸಾಲನ್ನು ಯಾರೂ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಪೋರ್ಟ್ ಎಂಬ ಸಂಖ್ಯೆ

ಇಂಟರ್ನೆಟ್ಟಿನಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಅದನ್ನು ಬಿಬವೇವಾಡಿಯ ಯಾವುದಾದರೂ ಹೌಸಿಂಗ್ ಸೊಸೈಟಿಯ ವಿಳಾಸ ಎಂದುಕೊಂಡರೆ, ಪೋರ್ಟ್ ಎಂಬುದು ಫ್ಲ್ಯಾಟ್ ನಂಬರು. ಫೈರ್‌ವಾಲ್ ಗೇಟಿನ ವಾಚ್‌ಮನ್. ಯಾರು ಬಂದರು, ಎಲ್ಲಿಂದ ಬಂದರು, ಯಾವ ಫ್ಲ್ಯಾಟಿಗೆ ಹೋಗಬೇಕು ಎಂದು ಕೇಳಿ, ಕೈಯಲ್ಲಿರುವ ಪಟ್ಟಿ ನೋಡಿ, ಒಳಗೆ ಬಿಡುತ್ತಾನೆ ಅಥವಾ ವಾಪಸ್ ಕಳಿಸುತ್ತಾನೆ.

ಪೋರ್ಟ್ ಸಂಖ್ಯೆಗೆ ಮೀಸಲಿಟ್ಟ ಜಾಗ 16 ಬಿಟ್. ಹಾಗಾಗಿ 0ಯಿಂದ 65,535ರವರೆಗೆ ಸಂಖ್ಯೆಗಳಿವೆ. ಮೊದಲ 1,024 ಎಲ್ಲರಿಗೂ ಗೊತ್ತಿರುವ ಸೇವೆಗಳಿಗೆ ಮೀಸಲು: ವೆಬ್‌ಸೈಟಿಗೆ 80, ಸುರಕ್ಷಿತ ವೆಬ್‌ಸೈಟಿಗೆ 443, ಮೇಲ್ ಸಾಗಿಸಲು 25, ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ಗೆ 53. ಅಲ್ಲಿಂದ 49,151ರವರೆಗಿನ ಸಂಖ್ಯೆಗಳನ್ನು ಯಾವ ಸಂಸ್ಥೆ ಬೇಕಾದರೂ ಅರ್ಜಿ ಹಾಕಿ ತನ್ನ ತಂತ್ರಾಂಶಕ್ಕೆ ನೋಂದಾಯಿಸಿಕೊಳ್ಳಬಹುದು. ಉಳಿದವು ಯಾರ ಹೆಸರಿನಲ್ಲೂ ಇಲ್ಲ, ತಾತ್ಕಾಲಿಕ ಬಳಕೆಗೆ ಬಿಟ್ಟವು.

ಈ ಪಟ್ಟಿಯ ಹಿಂದೆ ಒಬ್ಬ ವ್ಯಕ್ತಿಯ ದುಡಿಮೆ ಇದೆ. ಇಂಟರ್ನೆಟ್ಟಿನ ಪೂರ್ವರೂಪವಾದ ಅರ್ಪಾನೆಟ್‌ನ ಕಾಲದಲ್ಲಿ, 1972ರ ಮೇ ತಿಂಗಳಲ್ಲಿ, ಜಾನ್ ಪೋಸ್ಟೆಲ್ ಎಂಬ ಅಮೆರಿಕದ ಸಂಶೋಧಕ ‘ಯಾವ ಸೇವೆಗೆ ಯಾವ ಸಂಖ್ಯೆ ಎಂದು ಒಂದು ಕಡೆ ಬರೆದಿಡೋಣ, ಅದನ್ನು ನೋಡಿಕೊಳ್ಳಲು ಒಬ್ಬರಿರಲಿ’ ಎಂಬ ಪ್ರಸ್ತಾಪ ಇಟ್ಟರು. 1998ರಲ್ಲಿ ತೀರಿಕೊಳ್ಳುವವರೆಗೂ ಆ ಲೆಕ್ಕದ ಹೊಣೆ ಅವರ ಮೇಲೆಯೇ ಇತ್ತು. 1995ರಲ್ಲಿ ಫಿನ್ಲೆಂಡಿನ ತಾತು ಯ್ಲೋನೆನ್ ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಬರೆದರು. ಅದು ತೆಗೆದುಹಾಕಬೇಕಿದ್ದ ಎರಡು ಹಳೆಯ, ಅಸುರಕ್ಷಿತ ಸೇವೆಗಳ ಸಂಖ್ಯೆ 21 ಮತ್ತು 23. ನಡುವಿನ 22 ಖಾಲಿ ಇತ್ತು. ಆ ಪಟ್ಟಿ ನೋಡಿಕೊಳ್ಳುವವರಿಗೆ ಒಂದು ಮೇಲ್ ಬರೆದು ಕೇಳಿದರು, ಸಿಕ್ಕಿತು. ಇಂದಿಗೂ ಜಗತ್ತಿನ ಸರ್ವರ್‌ಗಳ ಮೇಲ್ವಿಚಾರಣೆ ನಡೆಯುವುದು ಬಹುಮಟ್ಟಿಗೆ ಆ 22ರ ಮೂಲಕವೇ.

ಪಟ್ಟಿಯಲ್ಲಿಲ್ಲದ ಸೇವೆಗಳು

ಫೈರ್‌ವಾಲ್ ತಯಾರಕರು ಹೆಸರಾಂತ ಸೇವೆಗಳನ್ನೆಲ್ಲ ಮೊದಲೇ ತುಂಬಿ ಕಳಿಸುತ್ತಾರೆ. ವೆಬ್, ಮೇಲ್, ಡಿಎನ್‌ಎಸ್ ಎಲ್ಲ ಆಯ್ಕೆಯ ಪಟ್ಟಿಯಲ್ಲೇ ಸಿಗುತ್ತವೆ. ನಮ್ಮ ಆಫೀಸುಗಳು ದಿನನಿತ್ಯ ನೆಚ್ಚಿಕೊಂಡಿರುವ ಎಷ್ಟೋ ಸಂಗತಿಗಳು ಮಾತ್ರ ಆ ಪಟ್ಟಿಯಲ್ಲಿ ಇರುವುದಿಲ್ಲ.

ಬೆಂಗಳೂರಿನ ಟ್ಯಾಲಿಯನ್ನೇ ನೋಡಿ. ಒಂದೇ ಲೈಸೆನ್ಸನ್ನು ಹಲವು ಕಂಪ್ಯೂಟರುಗಳಿಗೆ ಹಂಚುವ ಅದರ ಗೇಟ್‌ವೇ ಸರ್ವರ್ ಸಾಮಾನ್ಯವಾಗಿ 9999ರಲ್ಲಿ ಕಾಯುತ್ತದೆ. ಬೇರೆ ಬಿಲ್ಲಿಂಗ್ ತಂತ್ರಾಂಶಗಳು ಟ್ಯಾಲಿಯೊಂದಿಗೆ ಲೆಕ್ಕ ಹಂಚಿಕೊಳ್ಳುವುದು 9000ದಲ್ಲಿ. ಬಾಗಿಲಲ್ಲಿ ಬೆರಳೊತ್ತಿಸಿಕೊಳ್ಳುವ ಹಾಜರಿ ಯಂತ್ರಗಳಲ್ಲಿ ಹೆಚ್ಚಿನವು 4370ರಲ್ಲಿ ಮಾತಾಡುತ್ತವೆ. ಸಿಸಿಟಿವಿ ಕ್ಯಾಮೆರಾಗಳ ದೃಶ್ಯ ಕೂಡಿಡುವ ಡಿವಿಆರ್ ಹಿಕ್‌ವಿಷನ್‌ನದಾದರೆ 8000, ದಹುವಾದ್ದಾದರೆ 37777. ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ಯಂತ್ರದಿಂದ ಡಾಕ್ಟರ ಕಂಪ್ಯೂಟರಿಗೆ ಚಿತ್ರ ಹೋಗುವುದು 104 ಅಥವಾ 11112ರ ಮೂಲಕ.

ಇವನ್ನೆಲ್ಲ ಫೈರ್‌ವಾಲಿಗೆ ಕೈಯಾರೆ ಹೇಳಿಕೊಡಬೇಕು. ಈ ಕೆಲಸಕ್ಕೆ ‘ಕಸ್ಟಮ್ ಸರ್ವಿಸ್’ ಮಾಡುವುದು ಎನ್ನುತ್ತಾರೆ. ಹೇಳಿಕೊಡದಿದ್ದರೆ ಏನಾಗುತ್ತದೆ? ಒಳ್ಳೆಯ ಫೈರ್‌ವಾಲ್ ತನಗೆ ತಿಳಿಸದ ಸಂಚಾರವನ್ನೆಲ್ಲ ತಡೆಯುತ್ತದೆ. ನಮ್ಮ ಗೋಡೌನಿನಲ್ಲಿ ಟ್ಯಾಲಿ ನಿಂತದ್ದು ಹಾಗೆಯೇ. ಪೆಟ್ಟಿಗೆ ಕೆಟ್ಟಿರಲಿಲ್ಲ, ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು.

ಆ ಪುಟ್ಟ ಫಾರ್ಮ್

ಕಸ್ಟಮ್ ಸರ್ವಿಸ್‌ನ ಪರದೆ ನೋಡಲು ಬಹಳ ಸರಳ. ಒಂದು ಹೆಸರು. ಟಿಸಿಪಿಯೋ ಯುಡಿಪಿಯೋ ಎಂಬ ಆಯ್ಕೆ. ಸೋರ್ಸ್ ಪೋರ್ಟ್, ಡೆಸ್ಟಿನೇಶನ್ ಪೋರ್ಟ್ ಎಂದು ಎರಡು ಖಾನೆ. ಕೆಳಗೆ ಟಿಪ್ಪಣಿ ಬರೆಯಲು ಒಂದಿಷ್ಟು ಜಾಗ.

ಟಿಸಿಪಿ ಮತ್ತು ಯುಡಿಪಿ ಮಾಹಿತಿ ಸಾಗಿಸುವ ಎರಡು ಪದ್ಧತಿಗಳು. ಟಿಸಿಪಿಯಲ್ಲಿ ಎರಡೂ ಕಡೆಯವರು ಮೊದಲು ಸಂಪರ್ಕ ಖಚಿತಪಡಿಸಿಕೊಳ್ಳುತ್ತಾರೆ, ಕಳಿಸಿದ್ದು ಮುಟ್ಟಿತೇ ಎಂದು ನೋಡುತ್ತಾರೆ. ಲೆಕ್ಕಪತ್ರಕ್ಕೆ, ಬ್ಯಾಂಕಿಗೆ, ಮೇಲ್‌ಗೆ ಅದೇ ಬೇಕು. ಯುಡಿಪಿ ಅಂಥ ಖಾತ್ರಿಗೆ ಕಾಯದೆ ಕಳಿಸುತ್ತಲೇ ಹೋಗುತ್ತದೆ. ಇಂಟರ್ನೆಟ್ ಮೂಲಕ ಫೋನಿನಲ್ಲಿ ಮಾತಾಡುವಾಗ ಒಂದು ಚೂರು ಕಳೆದುಹೋದರೂ ಪರವಾಗಿಲ್ಲ, ತಡವಾಗಬಾರದು. ಹಾಗಾಗಿ ಅಲ್ಲಿ ಯುಡಿಪಿ. 9999 ಟಿಸಿಪಿ ಬೇರೆ, 9999 ಯುಡಿಪಿ ಬೇರೆ. ಟ್ಯಾಲಿಗೆ ಬೇಕಾದದ್ದು ಟಿಸಿಪಿ.

ಹೊಸಬರ ಕೈ ತಪ್ಪುವುದು ಸೋರ್ಸ್ ಪೋರ್ಟ್‌ನಲ್ಲಿ. ಎರಡು ಖಾನೆ ಕಂಡ ಕೂಡಲೆ ಎರಡರಲ್ಲೂ 9999 ಎಂದು ತುಂಬಿಬಿಡುತ್ತಾರೆ. ಸೇವ್ ಮಾಡುತ್ತಾರೆ. ಟ್ಯಾಲಿ ಮಾತ್ರ ಏಳುವುದಿಲ್ಲ. ಕಾರಣ ಇಷ್ಟು: 9999 ಎಂಬುದು ಸರ್ವರ್ ಕಾಯುವ ಸಂಖ್ಯೆ. ಸಂಪರ್ಕ ಹೂಡುವ ಗೋಡೌನಿನ ಕಂಪ್ಯೂಟರ್ ಪ್ರತಿ ಬಾರಿಯೂ ತನಗೊಂದು ತಾತ್ಕಾಲಿಕ ಸಂಖ್ಯೆ ಆರಿಸಿಕೊಳ್ಳುತ್ತದೆ. ಈಗಿನ ವಿಂಡೋಸ್ ಅದನ್ನು 49,152ರಿಂದ ಮೇಲಿನವುಗಳಲ್ಲಿ ಹುಡುಕುತ್ತದೆ. ಈಗ 51,204 ಆದರೆ ಇನ್ನೊಂದು ಗಳಿಗೆಗೆ 60,017. ಅದು 9999ರಿಂದಲೇ ಹೊರಡಬೇಕು ಎಂದು ಫೈರ್‌ವಾಲಿಗೆ ಹೇಳಿದರೆ ಆ ನಿಯಮ ಯಾವ ಸಂಪರ್ಕಕ್ಕೂ ಹೊಂದುವುದಿಲ್ಲ. ಸೋರ್ಸ್ ಖಾನೆಯಲ್ಲಿ 1ರಿಂದ 65,535 ಎಂದು ಪೂರ್ತಿ ಬಿಟ್ಟು, ಡೆಸ್ಟಿನೇಶನ್‌ನಲ್ಲಿ 9999 ಒಂದನ್ನೇ ಬರೆಯಬೇಕು. ಉತ್ತರ ಮರಳುವ ದಾರಿಗೆ ಇನ್ನೊಂದು ನಿಯಮ ಬೇಡ. ಒಳಬಿಟ್ಟ ಸಂಪರ್ಕವನ್ನು ನೆನಪಿಟ್ಟುಕೊಂಡು ಅದರ ಉತ್ತರವನ್ನು ತಾನೇ ಬಿಡುವ ಗುಣ 1990ರ ದಶಕದಿಂದಲೇ ಫೈರ್‌ವಾಲ್‌ಗಳಿಗೆ ಬಂದಿದೆ.

ಸರ್ವಿಸ್ ಸಿದ್ಧವಾದರೆ ಕೆಲಸ ಅರ್ಧ ಮುಗಿದಂತೆ. ಅದನ್ನು ಒಂದು ರೂಲ್‌ಗೆ ಸೇರಿಸಿದಾಗಷ್ಟೇ ಅದಕ್ಕೆ ಜೀವ. ಗೋಡೌನಿನ ಈ ಒಂದು ಕಂಪ್ಯೂಟರಿನಿಂದ ಆಫೀಸಿನ ಆ ಒಂದು ಸರ್ವರ್‌ಗೆ, ಟ್ಯಾಲಿ ಲೈಸೆನ್ಸ್ ಸೇವೆ ಮಾತ್ರ, ಬಿಡು. ಅದರ ಕೆಳಗೆ ಉಳಿದುದೆಲ್ಲ ತಡೆ. ರೂಲ್‌ಗಳನ್ನು ಫೈರ್‌ವಾಲ್ ಮೇಲಿನಿಂದ ಕೆಳಗೆ ಓದುತ್ತಾ ಬರುತ್ತದೆ, ಮೊದಲು ಹೊಂದಿದ್ದನ್ನು ಪಾಲಿಸಿ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಮೇಲೆ ಎಲ್ಲೋ ಒಂದು ಸಡಿಲ ರೂಲ್ ಇದ್ದರೆ ಕೆಳಗಿನ ಬಿಗಿ ರೂಲ್‌ಗಳನ್ನು ಅದು ಓದುವುದೇ ಇಲ್ಲ.

‘ಎನಿ’ ಎಂಬ ಸುಲಭದ ದಾರಿ

ಫೋನ್ ಇನ್ನೊಮ್ಮೆ ಬರುತ್ತದೆ. ಗಾಡಿ ಇನ್ನೂ ನಿಂತೇ ಇದೆ, ಸೇಠ್‌ಜಿ ಸಿಟ್ಟಾಗಿದ್ದಾರೆ. ಹುಡುಗನಿಗೆ ಸೋರ್ಸ್ ಪೋರ್ಟ್‌ನ ತಪ್ಪು ಇನ್ನೂ ಹೊಳೆದಿಲ್ಲ. ಆಗ ಕೈಗೆ ಸಿಗುವ ಆಯ್ಕೆ ‘ಎನಿ’. ಎಲ್ಲಿಂದಲಾದರೂ, ಎಲ್ಲಿಗಾದರೂ, ಯಾವ ಸೇವೆಯಾದರೂ. ಒತ್ತಿದ ಕ್ಷಣವೇ ಟ್ಯಾಲಿ ಏಳುತ್ತದೆ. “ಸದ್ಯಕ್ಕೆ ಹೀಗಿರಲಿ ಸರ್, ಸಂಜೆ ಸರಿಮಾಡ್ತೀನಿ.”

ಆ ಸಂಜೆ ಬಾರದೇ ಹೋಗುವುದು ಸಾಮಾನ್ಯ. ಎಲ್ಲ ನಡೆಯುತ್ತಿರುವಾಗ ಯಾರೂ ಕರೆಯುವುದಿಲ್ಲ. ಹುಡುಗ ಕೆಲಸ ಬದಲಿಸುತ್ತಾನೆ, ಹೊಸ ವೆಂಡರ್ ಬರುತ್ತಾರೆ. ‘ಟೆಸ್ಟ್’ ಎಂದೋ ‘ಟೆಂಪ್’ ಎಂದೋ ಹೆಸರಿರುವ ರೂಲ್ ಕಣ್ಣಿಗೆ ಬೀಳುತ್ತದೆ, ಮುಟ್ಟಿದರೆ ಏನು ನಿಲ್ಲುತ್ತದೋ ಎಂಬ ಹೆದರಿಕೆಗೆ ಅದನ್ನು ಹಾಗೇ ಬಿಡುತ್ತಾರೆ. ಸಣ್ಣ ಆಫೀಸುಗಳ ಫೈರ್‌ವಾಲ್‌ನಲ್ಲಿ ಅತ್ಯಂತ ಅಪಾಯದ ಸಾಲು ಯಾವುದು ಎಂದು ಕೇಳಿದರೆ ನನ್ನ ಉತ್ತರ ಇದೇ: ತಾತ್ಕಾಲಿಕವೆಂದು ಬರೆದದ್ದು.

ಡಿವಿಆರ್‌ನ ಕತೆ ಇನ್ನೂ ಹತ್ತಿರದ್ದು. ಮಾಲೀಕರಿಗೆ ಮನೆಯಲ್ಲಿ ಕೂತು ಮೊಬೈಲಿನಲ್ಲಿ ಅಂಗಡಿ ನೋಡಬೇಕು. ಕ್ಯಾಮೆರಾ ಹಾಕುವವರು ‘ಸ್ಟ್ಯಾಟಿಕ್ ಐಪಿ ತಗೊಳ್ಳಿ, ಪೋರ್ಟ್ ಫಾರ್ವರ್ಡ್ ಮಾಡಿಕೊಡ್ತೀವಿ’ ಎನ್ನುತ್ತಾರೆ. ಹೊರಗಿನಿಂದ 8000ಕ್ಕೆ ಬಂದವರನ್ನೆಲ್ಲ ನೇರ ಡಿವಿಆರ್‌ಗೆ ಕಳಿಸು ಎಂಬ ನಿಯಮ ಅದು. ಮಾಲೀಕರಿಗೆ ತೆರೆದದ್ದು ಇಡೀ ಜಗತ್ತಿಗೂ ತೆರೆದಂತಾಯಿತು. ಡಿವಿಆರ್‌ನ ಪಾಸ್‌ವರ್ಡ್ ಕಂಪನಿಯಿಂದ ಬಂದಾಗ ಇದ್ದದ್ದೇ ಆಗಿದ್ದರೆ ಕೇಳುವುದೇ ಬೇಡ.

ತೆರೆದ ಪೋರ್ಟ್‌ಗಳಿಂದ ಬಂದವರು

ಇದು ಹೆದರಿಸಲು ಹೇಳುವ ಮಾತಲ್ಲ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಇಂಥ ಕ್ಯಾಮೆರಾ, ಡಿವಿಆರ್, ರೂಟರ್‌ಗಳ ಮೂಲಕವೇ. ಅದು 23 ಮತ್ತು 2323ನೇ ಪೋರ್ಟ್‌ಗಳನ್ನು ತಡಕುತ್ತಾ, ಕಂಪನಿಗಳು ಕೊಟ್ಟ ಅರವತ್ತರಷ್ಟು ಮಾಮೂಲಿ ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸುತ್ತಿತ್ತು. ಸಿಕ್ಕ ಯಂತ್ರಗಳನ್ನೆಲ್ಲ ತನ್ನ ಸೇನೆಗೆ ಸೇರಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಆ ಸೇನೆ ಡಿಎನ್‌ಎಸ್ ಸೇವೆ ಒದಗಿಸುವ ಅಮೆರಿಕದ ಡೈನ್ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ದೊಡ್ಡ ತಾಣಗಳು ಗಂಟೆಗಟ್ಟಲೆ ತೆರೆಯಲಿಲ್ಲ.

ಅದಕ್ಕೂ ಮುಂಚೆ, 2003ರ ಜನವರಿ 25ರಂದು, ಸ್ಲ್ಯಾಮರ್ ಎಂಬ ಹುಳು ಬಂದಿತ್ತು. ಅದರ ಗಾತ್ರ ಕೇವಲ 376 ಬೈಟ್, ಈ ಲೇಖನದ ಒಂದು ಪ್ಯಾರಾದಷ್ಟೂ ಇಲ್ಲ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಬಳಸುವ ಯುಡಿಪಿ 1434ನೇ ಪೋರ್ಟ್ ಹೊರಗಡೆಗೆ ತೆರೆದಿದ್ದ ಕಡೆಯೆಲ್ಲ ನುಗ್ಗಿತು. ಸಿಗಬಹುದಾದ ಯಂತ್ರಗಳಲ್ಲಿ ಶೇ 90ರಷ್ಟನ್ನು ಹಿಡಿಯಲು ಅದಕ್ಕೆ ಬೇಕಾದದ್ದು ಹತ್ತೇ ನಿಮಿಷ. ಡೇಟಾಬೇಸಿನ ಆ ಪೋರ್ಟನ್ನು ಇಡೀ ಇಂಟರ್ನೆಟ್ಟಿಗೆ ತೆರೆದಿಡುವ ಅಗತ್ಯ ಬಹುತೇಕ ಯಾರಿಗೂ ಇರಲಿಲ್ಲ.

2017ರ ಮೇ 12ರ ವಾನಾಕ್ರೈ ನಮ್ಮಲ್ಲೂ ಹಲವರಿಗೆ ನೆನಪಿರಬಹುದು. ಕಡತ ಹಂಚಿಕೊಳ್ಳುವ 445ನೇ ಪೋರ್ಟ್ ಅದರ ದಾರಿ. ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಬಿತ್ತು. ಭಾರತದಲ್ಲಿ 48 ಸಾವಿರಕ್ಕೂ ಹೆಚ್ಚು ದಾಳಿಯ ಪ್ರಯತ್ನಗಳನ್ನು ಕಂಡಿದ್ದಾಗಿ ಪುಣೆಯದೇ ಆದ ಆ್ಯಂಟಿವೈರಸ್ ಕಂಪನಿ ಕ್ವಿಕ್ ಹೀಲ್ ಆಗ ಹೇಳಿತ್ತು. ಟ್ಯಾಲಿಯ ಡೇಟಾ ಫೋಲ್ಡರನ್ನು ಶೇರ್ ಮಾಡಿಕೊಂಡು ಕೆಲಸ ಮಾಡುವ ಆಫೀಸುಗಳೆಲ್ಲ ಬಳಸುವುದು ಇದೇ 445ನ್ನು. ಒಳಗಿನ ಎರಡು ಯಂತ್ರಗಳ ನಡುವೆ ಅದು ಬೇಕೇ ಬೇಕು. ಇಂಟರ್ನೆಟ್ಟಿನಿಂದ ಒಳಗೆ ಅದು ಎಂದೂ ಬೇಡ. ಆ ಎರಡನ್ನೂ ಬೇರೆ ಮಾಡಿ ಹೇಳುವುದಕ್ಕಾಗಿಯೇ ರೂಲ್‌ನಲ್ಲಿ ‘ಎಲ್ಲಿಂದ, ಎಲ್ಲಿಗೆ’ ಎಂಬ ಖಾನೆಗಳಿರುವುದು.

ಪುಣೆ, ಆಗಸ್ಟ್ 2018

ಬಿಬವೇವಾಡಿಯಿಂದ ಊರಿನ ಆ ಬದಿಗೆ, ಗಣೇಶಖಿಂಡ್ ರಸ್ತೆಯಲ್ಲಿ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಕೇಂದ್ರ ಕಚೇರಿ ಇದೆ. 1906ರಲ್ಲಿ ಹುಟ್ಟಿದ ಬ್ಯಾಂಕು. 2018ರ ಆಗಸ್ಟ್ 11, ಶನಿವಾರ, ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ನಕಲಿ ಕಾರ್ಡ್‌ಗಳ ಮೂಲಕ ಈ ಬ್ಯಾಂಕಿನ ಹಣ ಹೊರಬಿತ್ತು. ಕೊಲ್ಲಾಪುರದ ಎಟಿಎಂಗಳಲ್ಲೂ ತೆಗೆದರು. ಸೋಮವಾರ, ಬ್ಯಾಂಕುಗಳ ನಡುವಿನ ಸ್ವಿಫ್ಟ್ ಸಂದೇಶ ವ್ಯವಸ್ಥೆಯ ಮೂಲಕ ₹13.92 ಕೋಟಿ ಹಾಂಗ್‌ಕಾಂಗ್‌ನ ಒಂದು ಖಾತೆಗೆ ಹೋಯಿತು. ಒಟ್ಟು ನಷ್ಟ ₹94 ಕೋಟಿ ದಾಟಿತು. 2023ರಲ್ಲಿ ಪುಣೆಯ ನ್ಯಾಯಾಲಯ ಹಣ ತೆಗೆಯುವ ಜಾಲದ 11 ಮಂದಿಗೆ ಶಿಕ್ಷೆ ವಿಧಿಸಿತು.

ಆ ದಿನ ನಡೆದದ್ದನ್ನು ಸರಳವಾಗಿ ಹೇಳುವುದಾದರೆ, ಎಟಿಎಂನಿಂದ ಬಂದ ‘ಹಣ ಕೊಡಲೇ?’ ಎಂಬ ಪ್ರಶ್ನೆ ಬ್ಯಾಂಕಿನ ಎಟಿಎಂ ಸ್ವಿಚ್ಚಿನ ಮೂಲಕ ಕೋರ್ ಬ್ಯಾಂಕಿಂಗ್ ವ್ಯವಸ್ಥೆಗೆ ಹೋಗಿ, ಖಾತೆ ನೋಡಿ, ಉತ್ತರ ಬರಬೇಕು. ದಾಳಿಕೋರರು ನಡುವೆ ಒಂದು ಬದಲಿ ಸ್ವಿಚ್ ನಿಲ್ಲಿಸಿದ್ದರು. ಪ್ರಶ್ನೆ ಅದಕ್ಕೇ ಹೋಯಿತು, ‘ಕೊಡು’ ಎಂಬ ಉತ್ತರವೂ ಅದರಿಂದಲೇ ಬಂತು. ಖಾತೆಗಳ ಲೆಕ್ಕ ಇರುವ ಮುಖ್ಯ ವ್ಯವಸ್ಥೆಯನ್ನು ಈ ಪ್ರಶ್ನೆಗಳು ಮುಟ್ಟಲೇ ಇಲ್ಲ.

ಒಂದು ಫೈರ್‌ವಾಲ್ ರೂಲ್ ಇದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂದು ಹೇಳುವುದು ಬೇಜವಾಬ್ದಾರಿ. ಇಷ್ಟು ದೊಡ್ಡ ದಾಳಿಗೆ ಹತ್ತಾರು ಹೆಜ್ಜೆಗಳಿರುತ್ತವೆ. ಆದರೂ ನಮ್ಮ ವಿಷಯಕ್ಕೆ ಇಲ್ಲೊಂದು ಮುಖ್ಯ ಸಂಗತಿ ಇದೆ. ಎಟಿಎಂ ಸ್ವಿಚ್ಚಿನ ಸಂಚಾರಕ್ಕೆ ಎಲ್ಲ ಬ್ಯಾಂಕಿಗೂ ಒಂದೇ ಎಂಬ ಹೆಸರಾಂತ ಪೋರ್ಟ್ ಇಲ್ಲ, ಎರಡೂ ಕಡೆಯವರು ಒಪ್ಪಿಕೊಂಡದ್ದೇ ಸಂಖ್ಯೆ. ಅಂದರೆ ಅದು ಅಪ್ಪಟ ಕಸ್ಟಮ್ ಸರ್ವಿಸ್. ಸ್ವಿಚ್ ಯಾರೊಂದಿಗೆ, ಯಾವ ಸಂಖ್ಯೆಯಲ್ಲಿ ಮಾತಾಡಬೇಕೆಂದು ಒಂದೊಂದಾಗಿ ಬರೆದಿಟ್ಟ ಕಡೆ, ಎಂದೂ ಕಾಣದ ಯಂತ್ರವೊಂದು ಆ ಸಾಲಿನಲ್ಲಿ ನುಸುಳಿದರೆ ಅದು ತಡೆಯಲ್ಪಡುತ್ತದೆ, ಇಲ್ಲವೇ ಕನಿಷ್ಠ ದಾಖಲಾಗುತ್ತದೆ. ‘ಒಳಗಿನವರೆಲ್ಲ ಒಳಗಿನವರೊಂದಿಗೆ ಏನು ಬೇಕಾದರೂ ಮಾತಾಡಲಿ’ ಎಂದು ಬಿಟ್ಟ ಕಡೆ ಅದು ಗದ್ದಲದಲ್ಲಿ ಗದ್ದಲವಾಗಿ ಸೇರಿಹೋಗುತ್ತದೆ. ಅದೇ 2018ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕು ನಗರ ಸಹಕಾರಿ ಬ್ಯಾಂಕುಗಳಿಗೆ ಸೈಬರ್ ಸುರಕ್ಷತೆಯ ಕನಿಷ್ಠ ಚೌಕಟ್ಟು ಹಾಕಿಕೊಟ್ಟಿತು, 2019ರ ಡಿಸೆಂಬರ್ 31ರಂದು ಅದನ್ನು ನಾಲ್ಕು ಹಂತಗಳಾಗಿ ವಿಸ್ತರಿಸಿತು.

2024ರ ಜುಲೈ ಕೊನೆಗೆ ಇನ್ನೊಂದು ಪೆಟ್ಟು ಬಿತ್ತು. ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಒದಗಿಸುವ ಸಿ-ಎಡ್ಜ್ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾಗಿ, ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಯುಪಿಐ, ಎಟಿಎಂ ಸೇವೆ ನಿಂತಿತು. ದಾಳಿಯ ಎಳೆ ಹಿಡಿದು ಹೋದ ಬೆಂಗಳೂರಿನ ಕ್ಲೌಡ್‌ಸೆಕ್ ಸಂಸ್ಥೆ, ಅದು ಇನ್ನೊಂದು ಕಂಪನಿಯ ಸರಿಯಾಗಿ ಹೊಂದಿಸದ ಜೆಂಕಿನ್ಸ್ ಸರ್ವರ್‌ನಿಂದ ಶುರುವಾಯಿತು ಎಂದು ವರದಿ ಮಾಡಿತು. ತಂತ್ರಾಂಶ ಬರೆಯುವವರು ದಿನವೂ ಬಳಸುವ ಸಾಧನ ಜೆಂಕಿನ್ಸ್, ಮಾಮೂಲಾಗಿ ಕೂರುವುದು 8080ನೇ ಪೋರ್ಟ್‌ನಲ್ಲಿ. ತಪ್ಪು ಒಂದು ಕಡೆ, ಸಾಲು ನಿಂತವರು ಹಳ್ಳಿಯ ಬ್ಯಾಂಕಿನ ಮುಂದೆ.

ಸಂಖ್ಯೆ ಬದಲಿಸಿದರೆ ಸಾಕೇ?

ಕೆಲವರು ಒಂದು ಉಪಾಯ ಹೇಳುತ್ತಾರೆ. ರಿಮೋಟ್ ಡೆಸ್ಕ್‌ಟಾಪ್‌ನ ಮಾಮೂಲಿ 3389 ಬಿಟ್ಟು ಅದನ್ನು 53389ಕ್ಕೆ ಹಾಕಿದರೆ ಯಾರಿಗೂ ಗೊತ್ತಾಗದು ಎಂದು. ಗೊತ್ತಾಗುತ್ತದೆ. 2013ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಬರೆದ ಝಡ್‌ಮ್ಯಾಪ್ ಎಂಬ ತಂತ್ರಾಂಶ ಒಂದು ಪೋರ್ಟನ್ನು ಇಡೀ ಇಂಟರ್ನೆಟ್ಟಿನಲ್ಲಿ ಮುಕ್ಕಾಲು ಗಂಟೆಯೊಳಗೆ ಹುಡುಕಬಲ್ಲದು. 2009ರಿಂದಲೇ ಇರುವ ಶೋಡಾನ್ ತಾಣ ಯಾವ ವಿಳಾಸದಲ್ಲಿ ಏನು ತೆರೆದಿದೆ ಎಂಬುದನ್ನು ಹುಡುಕುವವರ ಮುಂದೆ ಇಡುತ್ತದೆ. ಸಂಖ್ಯೆ ಬದಲಿಸಿದರೆ ಬರುವವರ ಗದ್ದಲ ಕಡಿಮೆಯಾದೀತು, ಅಷ್ಟೇ. ಹೊರಗಿನಿಂದ ಕೆಲಸ ಮಾಡಬೇಕಾದವರಿಗೆ ವಿಪಿಎನ್ ಎಂಬ ಸುರಕ್ಷಿತ ಖಾಸಗಿ ದಾರಿ ಕೊಟ್ಟು, ಅದರೊಳಗೆ ಬಂದವರಿಗೆ ಮಾತ್ರ ಆ ಪೋರ್ಟ್ ತೆರೆಯುವುದು ಸರಿಯಾದ ಕ್ರಮ. ಡಿವಿಆರ್‌ಗೂ ಇದೇ ಮಾತು.

ಇನ್ನೊಂದು ತೊಡಕು ಇತ್ತೀಚಿನದು. ಈಗ ಬಹುತೇಕ ಎಲ್ಲವೂ 443ರಲ್ಲೇ ಹಾದುಹೋಗುತ್ತದೆ: ಬ್ಯಾಂಕು, ವಿಡಿಯೊ, ವಾಟ್ಸ್ಆ್ಯಪ್ ವೆಬ್, ಕಳ್ಳ ತಂತ್ರಾಂಶವೂ. ಸಂಖ್ಯೆಯೊಂದನ್ನೇ ನೋಡಿ ಇದು ಏನೆಂದು ಹೇಳಲಾಗದು. ಹೊಸ ಪೀಳಿಗೆಯ ಫೈರ್‌ವಾಲ್‌ಗಳು ಸಂಚಾರದ ಒಳಗಿನ ಲಕ್ಷಣ ನೋಡಿ ತಂತ್ರಾಂಶವನ್ನು ಗುರುತಿಸಲು ಯತ್ನಿಸುವುದು ಇದಕ್ಕಾಗಿ. ಆದರೆ ನಮ್ಮ ಹಾಜರಿ ಯಂತ್ರ, ಎಕ್ಸ್‌ರೇ ಯಂತ್ರ, ಟ್ಯಾಲಿ ಲೈಸೆನ್ಸ್‌ಗಳಂಥವಕ್ಕೆ ಈಗಲೂ ಸಂಖ್ಯೆಯೇ ಗುರುತು.

ಕೇಳಬೇಕಾದ ಪ್ರಶ್ನೆಗಳು

ಬಿಬವೇವಾಡಿಯ ಅಪ್ಪರ್ ಇಂದಿರಾನಗರದಲ್ಲೇ ವಿಶ್ವಕರ್ಮ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ಇಂಥ ಕಾಲೇಜುಗಳಿಂದ ವರ್ಷವೂ ನೆಟ್‌ವರ್ಕ್ ಓದಿದವರು ಹೊರಬರುತ್ತಾರೆ. ತಿಳಿದವರಿಗೆ ಕೊರತೆಯಿಲ್ಲ. ಸಣ್ಣ ಆಫೀಸಿನ ಮಾಲೀಕರು ಅವರಿಗೆ ಸಮಯ ಕೊಡುವುದಿಲ್ಲ, ಅದು ತೊಂದರೆ. ಗಾಡಿ ಹೊರಗೆ ನಿಂತಿರುವಾಗ ಎರಡು ನಿಮಿಷದಲ್ಲಿ ಮಾಡಿಸಿದ ಕೆಲಸಕ್ಕೆ ಹುಡುಗನೊಬ್ಬನನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಫೈರ್‌ವಾಲ್ ಹಾಕಿಸುವುದು ಭಾನುವಾರವಾಗಲಿ. ಅದಕ್ಕೂ ಮೊದಲು ಆಫೀಸಿನಲ್ಲಿ ಯಾವ ಯಾವ ಯಂತ್ರ, ತಂತ್ರಾಂಶ ಇವೆ, ಅವು ಯಾವ ಪೋರ್ಟ್ ಬಳಸುತ್ತವೆ ಎಂದು ಒಂದು ಹಾಳೆಯಲ್ಲಿ ಬರೆಸಿಕೊಂಡಿದ್ದರೆ ಸೋಮವಾರ ಬೆಳಗ್ಗೆ ‘ಎನಿ’ ಒತ್ತುವ ಪ್ರಸಂಗವೇ ಬರುವುದಿಲ್ಲ.

ಈಗಾಗಲೇ ಫೈರ್‌ವಾಲ್ ಇರುವವರು ವೆಂಡರನ್ನು ಕರೆದು ರೂಲ್‌ಗಳ ಪಟ್ಟಿ ತೆರೆದು ತೋರಿಸಲು ಹೇಳಬಹುದು. ಓದಲು ಎಂಜಿನಿಯರಿಂಗ್ ಬೇಕಿಲ್ಲ. ಸರ್ವಿಸ್ ಖಾನೆಯಲ್ಲಿ ‘ಎನಿ’ ಅಥವಾ ‘ಆಲ್’ ಎಂದಿರುವ, ಕ್ರಿಯೆಯ ಖಾನೆಯಲ್ಲಿ ‘ಬಿಡು’ ಎಂದಿರುವ ಪ್ರತಿ ಸಾಲಿಗೂ ಕಾರಣ ಕೇಳಿ. ‘1ರಿಂದ 65,535’ ಎಂದು ಡೆಸ್ಟಿನೇಶನ್‌ನಲ್ಲಿ ಬರೆದ ಕಸ್ಟಮ್ ಸರ್ವಿಸ್ ಇದ್ದರೆ ಅದೂ ‘ಎನಿ’ಯೇ, ಹೆಸರು ಮಾತ್ರ ಬೇರೆ. ಟಿಪ್ಪಣಿಯ ಜಾಗ ಖಾಲಿ ಇದ್ದರೆ ಯಾರಿಗಾಗಿ, ಯಾವ ದಿನ ತೆರೆದದ್ದೆಂದು ಬರೆಸಿ. ವೆಂಡರಿಗಾಗಿ ಕೆಲವು ದಿನ ತೆರೆಯಬೇಕಾದ ಪೋರ್ಟ್‌ಗೆ ಕೊನೆಯ ತಾರೀಕು ಹಾಕುವ ಸೌಲಭ್ಯ ಹೆಚ್ಚಿನ ಫೈರ್‌ವಾಲ್‌ಗಳಲ್ಲಿದೆ. ಆ ದಿನ ಕಳೆದ ಮೇಲೆ ಅದು ತಾನೇ ಮುಚ್ಚಿಕೊಳ್ಳುತ್ತದೆ.

ಲಾಗ್‌ಗಳ ಬಗ್ಗೆಯೂ ಕೇಳಿ. ಕೇಂದ್ರ ಸರ್ಕಾರದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಕಾಪಿಡಬೇಕು, ದಾಳಿಯಾದದ್ದು ತಿಳಿದ ಆರು ಗಂಟೆಯೊಳಗೆ ವರದಿ ಮಾಡಬೇಕು. ಅದೇ ಲಾಗ್‌ಗಳಿಂದ ಇನ್ನೊಂದು ಉಪಯೋಗವೂ ಇದೆ. ಪ್ರತಿ ರೂಲ್‌ನ ಪಕ್ಕದಲ್ಲಿ ಅದು ಎಷ್ಟು ಸಲ ಬಳಕೆಯಾಯಿತು ಎಂಬ ಎಣಿಕೆಯನ್ನು ಬಹಳಷ್ಟು ಫೈರ್‌ವಾಲ್‌ಗಳು ತೋರಿಸುತ್ತವೆ. ಆರು ತಿಂಗಳಿಂದ ಸೊನ್ನೆ ಇರುವ ಸಾಲನ್ನು ಮೊದಲು ನಿಷ್ಕ್ರಿಯಗೊಳಿಸಿ. ತಿಂಗಳ ಕೊನೆಯ ಸಂಬಳ, ಜಿಎಸ್‌ಟಿ ರಿಟರ್ನ್, ವರ್ಷದ ಕೊನೆಯ ಆಡಿಟ್ ಇವೆಲ್ಲ ಒಂದು ಸುತ್ತು ಮುಗಿಯುವವರೆಗೂ ಯಾರೂ ಫೋನ್ ಮಾಡದಿದ್ದರೆ, ಅದನ್ನು ಅಳಿಸಿಬಿಡಿ.